ಹಂಪಿಯಲ್ಲಿ ಕೇಳಬೇಕು ಅಂತಿದ್ದೇನೆ, ಮನೆಯಲ್ಲಿ ಇನ್ನೂ ಗೊತ್ತಿಲ್ಲ

ಮಂಡ್ಯದವನು:
ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ 27, ಅವಳಿಗೆ 26. ನನ್ನ ಊರು ಮಂಡ್ಯದ ಹತ್ತಿರ, ಅವಳದು ಗದಗದ ಕಡೆ. ಇಬ್ಬರಿಗೂ ಬೆಂಗಳೂರಲ್ಲಿ ಕೆಲಸ. ಮೂರು ವರ್ಷದಿಂದ ಜೊತೆಗಿದ್ದೇವೆ. ಜೊತೆಗೆ ಅಂದರೆ ಒಂದೇ ಮನೆಯಲ್ಲಲ್ಲ, ಅವಳು ಪಿಜಿಯಲ್ಲಿ, ನಾನು ಗೆಳೆಯರ ಜೊತೆ ರೂಮಲ್ಲಿ. ಜಾತಿ ಬೇರೆ. ಇಬ್ಬರ ಮನೆಯಲ್ಲೂ ಹೇಳಿಲ್ಲ. ನಮ್ಮಮ್ಮನಿಗೆ ಅನುಮಾನ ಇದೆ, ಯಾಕೆಂದರೆ ಆರು ತಿಂಗಳಿಂದ ಊರಿಗೆ ಹೋದಾಗಲೆಲ್ಲ ನಾನು ಜೋಳದ ರೊಟ್ಟಿ, ಎಣ್ಣೆಗಾಯಿ ಅಂತ ಕನವರಿಸುತ್ತೇನಂತೆ. ಮುದ್ದೆ ಇಲ್ಲದಿದ್ದರೆ ಅದು ಊಟವೇ ಅಲ್ಲ ಅನ್ನುತ್ತಿದ್ದವನು ನಾನು.

ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ಹಂಪಿಗೆ ಹೋಗುತ್ತಿದ್ದೇವೆ. ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ ಆಗಿದೆ. ಆ ಗಾಡಿ ಮೈಸೂರಿಂದ ಹೊರಟು ಮಂಡ್ಯ, ಬೆಂಗಳೂರು, ಹೊಸಪೇಟೆ, ಗದಗ ಅಂತ ಹುಬ್ಬಳ್ಳಿಗೆ ಹೋಗುತ್ತದೆ, ಅಂದರೆ ನಮ್ಮೂರಿಗೂ ಅವಳೂರಿಗೂ ಅದೇ ಗಾಡಿ. ನಡುವೆ ಇಳಿದರೆ ಹಂಪಿ. ಇದು ಹೊಳೆದ ದಿನ ರಾತ್ರಿ ನಿದ್ದೆಯೇ ಬರಲಿಲ್ಲ. ಮಾತಂಗ ಬೆಟ್ಟದ ಮೇಲೆ ಸೂರ್ಯ ಹುಟ್ಟುವ ಹೊತ್ತಿಗೆ ಉಂಗುರ ತೆಗೆದು ಕೇಳೋಣ ಅಂತ ಪ್ಲಾನ್.

ಜಾಗ ಸರಿಯಾ? ಮದುವೆಯಾಗದವರಿಗೆ ಅಲ್ಲಿ ರೂಮ್ ಕೊಡುತ್ತಾರಾ? ಮತ್ತೆ ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುತ್ತಿರುವುದು, ಮೊದಲು ಅವಳನ್ನು ಕೇಳಿ ಆಮೇಲೆ ಮನೆಯಲ್ಲಿ ಹೇಳೋದಾ, ಮೊದಲು ಮನೆಯಲ್ಲಿ ಹೇಳಿ ಆಮೇಲೆ ಅವಳನ್ನು ಕೇಳೋದಾ?

ಬೈಟು ಕಾಫಿ:
ಗುರು, ಮೂರು ವರ್ಷ ಆಗಿದೆ, ಇನ್ನೂ ಕೇಳಿಲ್ವಾ? ಅವಳಿಗೆ ತಾಳ್ಮೆ ಜಾಸ್ತಿ ಇದೆ.

ಕಮಲಾಪುರದ ಕೋತಿ:
ನಾನು ಅಲ್ಲಿಯವನೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ ತಮ್ಮಾ. ಮಾತಂಗ ಒಳ್ಳೆಯ ಆಯ್ಕೆ. ಮೇಲೆ ನಿಂತರೆ ಒಂದು ಕಡೆ ಅಚ್ಯುತರಾಯನ ಗುಡಿ ಕಾಲ ಕೆಳಗೇ ಇದ್ದ ಹಾಗೆ ಕಾಣುತ್ತದೆ, ಇನ್ನೊಂದು ಕಡೆ ವಿರೂಪಾಕ್ಷನ ಗೋಪುರ, ನಡುವೆ ಹೊಳೆ. ಆದರೆ ಸೂರ್ಯ ಹುಟ್ಟುವ ಮೊದಲು ಮೇಲಿರಬೇಕು ಅಂದರೆ ಕತ್ತಲೆಯಲ್ಲೇ ಹತ್ತಬೇಕು. ಕಲ್ಲಿನ ಮೆಟ್ಟಿಲು ಇದೆ, ಕೆಲವು ಕಡೆ ಬರೀ ಬಂಡೆ. ಟಾರ್ಚ್ ಬೇಕೇ ಬೇಕು, ಮೊಬೈಲ್ ಬೆಳಕು ಸಾಲದು. ಇಬ್ಬರೇ ಹೋಗಬೇಡಿ. ಹಿಂದೆಲ್ಲ ಆ ದಾರಿಯಲ್ಲಿ ಕಳ್ಳತನದ ದೂರು ಬರುತ್ತಿತ್ತು. ನಾಲ್ಕು ಜನ ಹತ್ತುತ್ತಿದ್ದರೆ ಅವರ ಹಿಂದೆ ಹತ್ತಿ.

ಅಷ್ಟು ಬೆಳಿಗ್ಗೆ ಏಳಲು ಆಗದಿದ್ದರೆ ಸಾಯಂಕಾಲ ಹೇಮಕೂಟ. ಹತ್ತುವ ಕಷ್ಟವೇ ಇಲ್ಲ, ಬಂಡೆ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡಬಹುದು.

ಉಂಗುರ ಮಾತ್ರ ತಿಂಡಿ ಇರುವ ಬ್ಯಾಗಲ್ಲಿ ಇಡಬೇಡ. ನಮ್ಮೂರ ಕೋತಿಗಳು ಕವರ್ ಸದ್ದು ಕೇಳಿದರೆ ಸಾಕು, ಬ್ಯಾಗೇ ಎತ್ತುತ್ತವೆ. ತೆಪ್ಪದಲ್ಲಂತೂ ಹೊರಗೆ ತೆಗೆಯಲೇಬೇಡ. ತೆಪ್ಪದವರು ನಡುನೀರಲ್ಲಿ ಗಿರಗಿರ ತಿರುಗಿಸುತ್ತಾರೆ, ತುಂಗಭದ್ರೆಗೆ ಬಿದ್ದ ಉಂಗುರ ವಾಪಸ್ ಬರುವುದಿಲ್ಲ.

ಇನ್ನೊಂದು, ಹಳೆಯ ವಿಡಿಯೋ ನೋಡಿ ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ರೂಮ್ ಹುಡುಕಬೇಡ. ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ 2020ರಲ್ಲಿ ಅಲ್ಲಿನ ರೆಸಾರ್ಟ್‌ಗಳನ್ನೆಲ್ಲ ಒಡೆದುಹಾಕಿದರು. ಹೊಸಪೇಟೆ, ಕಮಲಾಪುರ, ಆನೆಗೊಂದಿ ಕಡೆ ನೋಡು.

ಅಕ್ಕಸಾಲಿ ಮಗಳು:
ಉಂಗುರ ತಗೊಂಡಾಯ್ತಾ? ಅಳತೆ ಹೇಗೆ ತಗೊಂಡಿರಿ? ಇದನ್ನು ಯಾರೂ ಕೇಳುವುದೇ ಇಲ್ಲ, ಆಮೇಲೆ ನಮ್ಮ ಅಂಗಡಿಗೆ ಓಡಿ ಬರುತ್ತಾರೆ.

ಮಂಡ್ಯದವನು:
ಅವಳು ಬಿಚ್ಚಿಟ್ಟಿದ್ದ ಒಂದು ಬೆಳ್ಳಿ ಉಂಗುರಕ್ಕೆ ದಾರ ಸುತ್ತಿ ಅಳತೆ ತಗೊಂಡೆ ಅಕ್ಕಾ.

ಅಕ್ಕಸಾಲಿ ಮಗಳು:
ದೇವರೇ. ಯಾವ ಬೆರಳಿನ ಉಂಗುರ ಅಂತಾದರೂ ಗೊತ್ತಾ? ದಾರ ಎಳೆದರೆ ಹಿಗ್ಗುತ್ತದೆ. ಆ ಉಂಗುರವನ್ನೇ ಅಂಗಡಿಗೆ ಒಯ್ದು ಅಳತೆ ಕೋಲಿಗೆ ಹಾಕಿಸಬೇಕಿತ್ತು. ಹೋಗಲಿ, ಸಾದಾ ಉಂಗುರ ಆಗಿದ್ದರೆ ಆಮೇಲೆ ಚಿಕ್ಕದು ಮಾಡಬಹುದು, ಸುತ್ತಲೂ ಹರಳು ಕೂರಿಸಿದ್ದರೆ ಕಷ್ಟ. ಒಳಗಡೆ ಹಾಲ್‌ಮಾರ್ಕ್ ಇದೆಯಾ ನೋಡಿ. 22 ಕ್ಯಾರಟ್ ಆದರೆ 916, ಹರಳಿಗಾಗಿ 18 ಕ್ಯಾರಟ್ ಮಾಡಿದ್ದರೆ 750. ಅದರ ಜೊತೆ ಆರು ಅಕ್ಷರ-ಅಂಕಿಯ ಹೆಚ್‌ಯುಐಡಿ, ಅಂದರೆ ಆ ಒಡವೆಯದ್ದೇ ಗುರುತಿನ ಸಂಖ್ಯೆ ಇರಬೇಕು, 2023ರ ಏಪ್ರಿಲ್ 1ರಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ. ಬಿಲ್ ಇಟ್ಟುಕೊಳ್ಳಿ. ಬಿಲ್ ಅವಳಿಗೆ ತೋರಿಸಬೇಡಿ.

ಸುಮ್ಮನಿರಲಾರದವಳು:
ಎಲ್ಲರೂ ಜಾಗ, ಉಂಗುರ ಅಂತ ಮಾತಾಡುತ್ತಿದ್ದೀರಿ. ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರು ಮಾಡ್ಕೋಬೇಡಿ.

ನನಗೆ ಮದುವೆ ಗೊತ್ತಾಗಿತ್ತು. ಪ್ರೀತಿಸಿದ ಹುಡುಗನೇ, ಎರಡೂ ಮನೆಯವರು ಒಪ್ಪಿದ್ದರು, ನಿಶ್ಚಿತಾರ್ಥಕ್ಕೆ ದಿನ ನೋಡಿದ್ದರು. ಅದರ ನಡುವೆ ಎಂಟು ಜನ ಗೆಳೆಯರು ಕುದುರೆಮುಖ ಚಾರಣಕ್ಕೆ ಹೋದೆವು. ಮುಳ್ಳೋಡಿಯಿಂದ ಹತ್ತಿ ಇಳಿಯುವಷ್ಟರಲ್ಲಿ 20 ಕಿಲೋಮೀಟರ್ ಮೇಲಾಗುತ್ತದೆ, ತುದಿ 1,894 ಮೀಟರ್. ಅರ್ಧ ದಾರಿಯಲ್ಲಿ ನನ್ನ ಕಾಲು ಉಳುಕಿತು. ಅವನು ಐದು ನಿಮಿಷ ನಿಂತ. ಆಮೇಲೆ, "ನೀನು ಇಲ್ಲೇ ಕೂತಿರು, ಪರ್ಮಿಷನ್ ಸಿಗೋದೇ ಕಷ್ಟ, ಇಷ್ಟು ದೂರ ಬಂದು ತುದಿ ಮುಟ್ಟದೆ ಹೋಗೋದಾ" ಅಂತ ಹೇಳಿ ಹೊರಟ. ನನ್ನ ಜೊತೆ ಕೂತಿದ್ದು ಗೈಡ್, ಮತ್ತೆ ನನಗೆ ಅಷ್ಟೇನೂ ಪರಿಚಯವಿಲ್ಲದ ಇನ್ನೊಬ್ಬ ಹುಡುಗಿ. ಅವಳು ತನ್ನ ದುಪಟ್ಟಾ ಹರಿದು ಕಾಲಿಗೆ ಕಟ್ಟಿದಳು. ಮೂರು ಗಂಟೆ ಜಿಗಣೆ ಕೀಳುತ್ತಾ ಕೂತಿದ್ದೆವು. ಅವನು ಇಳಿದು ಬಂದವನೇ ಮೊದಲು ತೋರಿಸಿದ್ದು ಫೋಟೋ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಇಷ್ಟಕ್ಕೆಲ್ಲ ಯಾರಾದರೂ ಮದುವೆ ಬಿಡ್ತಾರಾ ಅಂತ ನೆಂಟರೆಲ್ಲ ಬೈದರು. ಬಿಟ್ಟೆ. ಆ ದುಪಟ್ಟಾ ಹುಡುಗಿ ಈಗ ನನ್ನ ಅತ್ಯಂತ ಹತ್ತಿರದ ಗೆಳತಿ, ಅದು ಬೇರೆ ವಿಷಯ.

ಅದಕ್ಕೇ ಕೇಳುತ್ತೇನೆ. ಮದುವೆಯಾದ ಮೇಲೆ ಎಲ್ಲಿ ಇರುತ್ತೀರಿ? ಅವಳು ಅವಳ ಅಪ್ಪ-ಅಮ್ಮನಿಗೆ ಸಂಬಳದಲ್ಲಿ ಕಳಿಸುತ್ತಾಳಾ, ಮುಂದೆಯೂ ಕಳಿಸಬಹುದಾ? ನಿಮ್ಮ ಮನೆಯಲ್ಲಿ ಮಾಂಸ ಬೇಯಿಸುತ್ತೀರಿ, ಅವರ ಮನೆಯಲ್ಲಿ? ಇದನ್ನೆಲ್ಲ ಮಾತಾಡಿ ಆಗಿದ್ದರೆ ಬೆಟ್ಟದ ಮೇಲೆ ಕೇಳಿದರೂ ಒಂದೇ, ಬಸ್‌ಸ್ಟ್ಯಾಂಡಲ್ಲಿ ಕೇಳಿದರೂ ಒಂದೇ.

ಮಂಡ್ಯದವನು:
ಅಕ್ಕಾ, ನಿಜ ಹೇಳುತ್ತೇನೆ, ಒಂದನ್ನೂ ಮಾತಾಡಿಲ್ಲ. ಊಟದ ವಿಷಯ ಮಾತ್ರ ಒಂದು ಸಲ ಬಂದಿತ್ತು, ನಗುತ್ತಾ ಬಿಟ್ಟೆವು.

ಬಜ್ಜಿ ಪ್ರೇಮಿ:
ಸುಮ್ಮನಿರಲಾರದವರೇ, ನಿಮ್ಮ ಕಥೆ ಓದಿ ಒಂದು ನಿಮಿಷ ಸುಮ್ಮನಾದೆ. ಈಗ ನಮ್ಮದು ಕೇಳಿ.

ನಾನು ಕೇಳಿದ್ದು ಜೋಗದಲ್ಲಿ. ಜುಲೈ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಧುಮುಕುತ್ತಿರುವಾಗ ಅದರ ಎದುರು ಕೇಳಬೇಕು ಅಂತ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೋದರೆ ಬರೀ ಮಂಜು. ಸದ್ದು ಮಾತ್ರ ಕೇಳುತ್ತಿದೆ, ಜಲಪಾತ ಕಾಣುತ್ತಿಲ್ಲ. ಬಿಳಿ ಗೋಡೆ ಎದುರು ನಿಂತ ಹಾಗೆ. ಒಂದು ಗಂಟೆ ಕಾದೆವು, ಎರಡು ಗಂಟೆ ಕಾದೆವು, ಕೊಡೆ ಉಲ್ಟಾ ಆಯಿತು, ಅವಳ ಚಪ್ಪಲಿ ಕಿತ್ತಿತು. ಕೊನೆಗೆ ಬಜ್ಜಿ ಅಂಗಡಿಯಲ್ಲಿ ನಿಂತು, ಕೈಯಲ್ಲಿ ಮೆಣಸಿನಕಾಯಿ ಬಜ್ಜಿ ಹಿಡಿದುಕೊಂಡೇ ಕೇಳಿಬಿಟ್ಟೆ. ಅವಳು "ಮೊದಲು ಅದನ್ನು ತಿನ್ನಿ, ಆರಿಹೋಗುತ್ತೆ" ಅಂದಳು. ಅದು ಹೂಂ ಅಂತ ನನಗೆ ಗೊತ್ತಾಗಿದ್ದು ಸಾಗರ ಬಸ್ ಹತ್ತಿದ ಮೇಲೆ.

ಜೋಗವನ್ನು ನಾನು ಇನ್ನೂ ಸರಿಯಾಗಿ ನೋಡಿಲ್ಲ.

ಹಳೇ ರೇಡಿಯೋ:
ಇದೆಲ್ಲ ಏನ್ರಪ್ಪಾ, ಮೊಣಕಾಲೂರಿ ಉಂಗುರ ಕೊಡುವುದು? ನಮ್ಮಲ್ಲಿ ನಿಶ್ಚಯ ಅಂದರೆ ಎರಡು ಮನೆಯವರು ಕೂತು ತಾಂಬೂಲ ಬದಲಾಯಿಸಿಕೊಳ್ಳುವುದು. ನಾಲ್ಕು ಜನ ಹಿರಿಯರ ಎದುರು ಆಡಿದ ಮಾತು. ಬೆಟ್ಟದ ಮೇಲೆ ಇಬ್ಬರೇ ನಿಂತು ಮಾಡಿಕೊಂಡರೆ ಅದನ್ನು ನಿಶ್ಚಿತಾರ್ಥ ಅನ್ನುತ್ತಾರಾ?

ಬೈಟು ಕಾಫಿ:
ಬಂದರು ನೋಡಿ.

ಕಮಲಾಪುರದ ಕೋತಿ:
ರೇಡಿಯೋ ಸರ್, ಹಂಪಿಯಲ್ಲಿ ಪಂಪಾಪತಿಗೇ, ಅಂದರೆ ವಿರೂಪಾಕ್ಷನಿಗೇ, ಪ್ರತಿ ವರ್ಷ ನಿಶ್ಚಿತಾರ್ಥ ಆಗುತ್ತದೆ, ಗೊತ್ತಾ? ಫಲಪೂಜೆ ಅಂತಾರೆ. ಮಾರ್ಗಶಿರದಲ್ಲಿ, ಹೆಚ್ಚುಕಮ್ಮಿ ಡಿಸೆಂಬರ್ ಹೊತ್ತಿಗೆ. ಮದುವೆ ಚೈತ್ರದಲ್ಲಿ, ದೊಡ್ಡ ತೇರು ಎಳೆಯುವ ಸಮಯಕ್ಕೆ. ಜನ ಸೇರಿ ಮಾಡುವ ಶಾಸ್ತ್ರ ಅದು, ಅಲ್ಲಿಗೆ ನಿಮ್ಮ ಮಾತು ಸರಿ. ಆದರೆ ಅದಕ್ಕೂ ಹಿಂದಿನ ಕಥೆ ನೋಡಿ. ಪಂಪೆ ಹೇಮಕೂಟದ ಹತ್ತಿರ ಶಿವನಿಗಾಗಿ ತಪಸ್ಸು ಮಾಡಿದಳು. ನಡುವೆ ಮನ್ಮಥ ಬಂದು ಸುಟ್ಟುಹೋದ, ಗುಡಿ ಪಕ್ಕದ ಹೊಂಡಕ್ಕೆ ಇವತ್ತಿಗೂ ಮನ್ಮಥ ಹೊಂಡ ಅಂತಲೇ ಹೆಸರು. ಮನೆಯವರು ಕೂತು ಮಾತಾಡುವ ಮೊದಲೇ ಅವರಿಬ್ಬರ ನಡುವೆ ಬೆಟ್ಟದ ಮೇಲೆ ತೀರ್ಮಾನ ಆಗಿತ್ತು ಸರ್. ಅದೂ ಹುಡುಗಿ ಕಡೆಯಿಂದ.

ಹಳೇ ರೇಡಿಯೋ:
ಆಯ್ತು ಮಾರಾಯಾ, ಸೋತೆ. ನಾನೂ ಸಾಚಾ ಅಲ್ಲ. ನಮ್ಮದೂ ಪ್ರೀತಿಸಿ ಆದ ಮದುವೆಯೇ, 1989ರಲ್ಲಿ, ಕುವೆಂಪು ಹಾಕಿಕೊಟ್ಟ ಮಂತ್ರ ಮಾಂಗಲ್ಯದ ಪ್ರಕಾರ. ತೇಜಸ್ವಿಯವರ ಮದುವೆ 1966ರಲ್ಲೇ ಹಾಗೆ ಆಗಿತ್ತಲ್ಲ, ಅದನ್ನು ತೋರಿಸಿ ನಮ್ಮಪ್ಪನನ್ನು ಒಪ್ಪಿಸಬಹುದು ಅಂದುಕೊಂಡಿದ್ದೆ. ಅಪ್ಪ ಒಪ್ಪಲಿಲ್ಲ. ಬರಲೂ ಇಲ್ಲ. ಮೂರು ವರ್ಷ ಮಾತಿರಲಿಲ್ಲ. ಮಗಳು ಹುಟ್ಟಿದಾಗ ಆಸ್ಪತ್ರೆ ಬಾಗಿಲಲ್ಲಿ ಬಂದು ನಿಂತಿದ್ದರು, ಒಳಗೆ ಬನ್ನಿ ಅಂತ ಯಾರಾದರೂ ಕರೆಯಲಿ ಅಂತ.

ನನ್ನ ತಪ್ಪು ಏನು ಅಂತ ಈಗ ಗೊತ್ತಾಗುತ್ತದೆ. ನಾನು ಅಪ್ಪನಿಗೆ ಹೇಳಿದ್ದು ಅಕ್ಕನ ಮಗುವಿನ ನಾಮಕರಣದ ದಿನ, ನೆಂಟರೆಲ್ಲ ಕೂತಿದ್ದಾಗ. ಜನರ ಎದುರು ಹೇಳಿದರೆ ಬೈಯಲಾರರು ಅಂತ ನನ್ನ ಬುದ್ಧಿವಂತಿಕೆ. ಆದರೆ ಆ ಮನುಷ್ಯನಿಗೆ ಯೋಚನೆ ಮಾಡುವುದಕ್ಕೂ ಜಾಗ ಇಲ್ಲದ ಹಾಗೆ ಮಾಡಿದೆ. ಇಲ್ಲ ಅಂದುಬಿಟ್ಟರು, ಆಮೇಲೆ ಆಡಿದ ಮಾತು ವಾಪಸ್ ತಗೊಳ್ಳಲು ಆಗಲಿಲ್ಲ. ತಮ್ಮಾ, ನೀನು ಅಮ್ಮನಿಗೆ ಮೊದಲು ಹೇಳು, ಅಡುಗೆಮನೆಯಲ್ಲಿ. ಸೋದರಮಾವ ಇದ್ದರೆ ಅವರಿಗೆ ಎರಡನೆಯದು. ಅಪ್ಪನ ಹತ್ತಿರ ಮಾವನೇ ಮಾತಾಡಲಿ, ಗದ್ದೆ ಕಡೆ ನಡೆದುಕೊಂಡು ಹೋಗುವಾಗ.

ಸ್ಟೇಟಸ್ ಸಂತ್ರಸ್ತ:
ಒಂದು ಮಾತು ಸೇರಿಸುತ್ತೇನೆ. ಮನೆಯಲ್ಲಿ ಹೇಳುವವರೆಗೂ ಒಂದು ಫೋಟೋವನ್ನೂ ಎಲ್ಲೂ ಹಾಕಬೇಡಿ. ನಾನು ಗೋಕರ್ಣದ ಓಂ ಬೀಚಲ್ಲಿ ತೆಗೆದ ಫೋಟೋ ಸ್ಟೇಟಸ್‌ಗೆ ಹಾಕಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ಎಲ್ಲರಿಗೂ ಕಾಣದ ಹಾಗೆ ಮಾಡಿದ್ದೆ. ಚಿಕ್ಕಪ್ಪ ಹೊಸ ನಂಬರ್ ತಗೊಂಡಿದ್ದು ನೆನಪಿರಲಿಲ್ಲ. ನಾನು ವಾಪಸ್ ಬಸ್ ಹತ್ತುವ ಮೊದಲೇ ಅಜ್ಜಿಯವರೆಗೂ ಸುದ್ದಿ ಹೋಗಿತ್ತು.

ಕಪ್ಪು ಕೋಟು:
ರೂಮ್ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ವಯಸ್ಕರಿಬ್ಬರು ಮದುವೆಯಾಗದೆ ಒಂದೇ ರೂಮಲ್ಲಿ ಉಳಿಯಬಾರದು ಅಂತ ಕಾನೂನು ಇಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟ್ ಕೊಯಮತ್ತೂರಿನ ಒಂದು ಪ್ರಕರಣದಲ್ಲಿ ಇದನ್ನೇ ಹೇಳಿತು. ಹಾಗಂತ ರಾತ್ರಿ ಕೌಂಟರ್‌ನಲ್ಲಿ ನಿಂತು ಲಾಡ್ಜ್ ಮ್ಯಾನೇಜರ್ ಜೊತೆ ವಾದ ಮಾಡಿ ಗೆಲ್ಲುವುದಕ್ಕೆ ಆಗುವುದಿಲ್ಲ, ಕೆಲವರು ತಮ್ಮದೇ ನಿಯಮ ಇಟ್ಟುಕೊಂಡಿರುತ್ತಾರೆ. ಮೊದಲೇ ಫೋನ್ ಮಾಡಿ, ಇಬ್ಬರದೂ ಬೇರೆ ಬೇರೆ ವಿಳಾಸದ ಆಧಾರ್ ಅಂತ ನೇರವಾಗಿ ಹೇಳಿ, ಆಗುತ್ತೆ ಅಂದರೆ ಮಾತ್ರ ಬುಕ್ ಮಾಡಿ. ಗಂಡ ಹೆಂಡತಿ ಅಂತ ಸುಳ್ಳು ಬರೆಸಬೇಡಿ.

ಜಾತಿ ಬೇರೆ ಅಂದಿರಿ. ಬಹಳ ಜನ ಜಾತಿ ಬೇರೆಯಾದರೆ 30 ದಿನದ ನೋಟಿಸ್ ಹಾಕಲೇಬೇಕು ಅಂತ ಹೆದರುತ್ತಾರೆ. ಇಬ್ಬರೂ ಹಿಂದೂಗಳಾದರೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲೇ ಮದುವೆಯಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬಹುದು. ಆ ನೋಟಿಸ್ ಇರುವುದು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ. ಇನ್ನು ಮನೆಯವರ ಒಪ್ಪಿಗೆ. 2021ರಲ್ಲಿ ಬೆಳಗಾವಿ ಜಿಲ್ಲೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ವಯಸ್ಕರಿಬ್ಬರು ಮದುವೆಗೆ ಒಪ್ಪಿದ ಮೇಲೆ ಕುಟುಂಬದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂತ. ಇದನ್ನು ಅಪ್ಪನ ಎದುರು ಹೇಳಬೇಡಿ. ನಿಮಗೆ ಗೊತ್ತಿದ್ದರೆ ಸಾಕು.

ಛತ್ರದ ಹುಡುಗ:
ನಮ್ಮಪ್ಪ ಕಲ್ಯಾಣ ಮಂಟಪ ನೋಡಿಕೊಳ್ಳುತ್ತಾರೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಜುಲೈ ಮಧ್ಯದಿಂದ ಆಷಾಢ. ಅಷ್ಟರಲ್ಲಿ ಒಪ್ಪಿಗೆ ಸಿಕ್ಕರೂ ದಿನ ಸಿಗುವುದು ಕಷ್ಟ. ಸುಮ್ನೆ ಹೇಳಿದೆ.

ಬೈಟು ಕಾಫಿ:
ಇನ್ನೂ ಹುಡುಗಿಯನ್ನೇ ಕೇಳಿಲ್ಲ ಮಾರಾಯಾ, ನೀನು ಛತ್ರ ಬುಕ್ ಮಾಡಿಸುತ್ತಿದ್ದೀಯಾ!

ಮಂಡ್ಯದವನು:
ಹೋಗಿ ಬಂದೆವು. ಬರೆಯುವುದು ತಡವಾಯಿತು, ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಟಾರ್ಚ್ ಹಿಡಿದು, ನಾಲ್ಕು ಜನರ ಹಿಂದೆ ಮಾತಂಗ ಹತ್ತಿದೆವು. ಮೇಲೆ ಹೋದರೆ ನಲವತ್ತು ಜನ ಇದ್ದರು. ಒಬ್ಬರು ಪೋರ್ಟಬಲ್ ಸ್ಪೀಕರ್ ತಂದಿದ್ದರು. ಸೂರ್ಯ ಹುಟ್ಟಿದ್ದು ಚೆನ್ನಾಗಿತ್ತು, ಸುಳ್ಳು ಹೇಳಲ್ಲ, ಬಾಳೆತೋಟದ ಮೇಲೆ ತೆಳ್ಳಗೆ ಮಂಜು, ಬಂಡೆಗಳೆಲ್ಲ ಬೆಲ್ಲದ ಬಣ್ಣ. ಆದರೆ ಜೇಬಿಗೆ ಕೈ ಹಾಕಲು ಧೈರ್ಯ ಬರಲಿಲ್ಲ. ನಲವತ್ತು ಜನ ಚಪ್ಪಾಳೆ ತಟ್ಟಿದರೆ ಅವಳು ಬಂಡೆಯಿಂದ ಹಾರುತ್ತಿದ್ದಳು, ಅಂಥ ಹುಡುಗಿ ಅವಳು.

ಅಚ್ಯುತರಾಯನ ಗುಡಿ ಕಡೆ ಇಳಿದೆವು. ಗುಡಿ ಮುಂದೆ ಉದ್ದಕ್ಕೆ ಹಳೆಯ ಪೇಟೆ ಬೀದಿ ಇದೆಯಲ್ಲ, ಎರಡೂ ಕಡೆ ಬರೀ ಕಲ್ಲಿನ ಕಂಬ, ಒಂದು ನರಪಿಳ್ಳೆ ಇಲ್ಲ. ಅವಳು ಒಂದು ಕಲ್ಲಿನ ಮೇಲೆ ಕೂತು ನೀರು ಕುಡಿದು, ಬಾಟಲಿ ಮುಚ್ಚಳ ಹಾಕುತ್ತಾ ಕೇಳಿದಳು, "ನಿಮ್ಮ ಮನ್ಯಾಗ ಯಾವಾಗ ಹೇಳ್ತಿ?"

ನಾನು ಏನು ಅಂದೆ.

"ನಿನ್ನೆಯಿಂದ ಹತ್ತ್ ಸಲ ಜೇಬ್ ಮುಟ್ಟಿ ನೋಡ್ಕೊಳ್ಳಾಕತ್ತಿ. ಏನೈತಿ ಅಂತ ನನಗ ಗೊತ್ತಿಲ್ಲೇನು? ನನ್ನ ಬೆಳ್ಳಿ ಉಂಗುರದಾಗ ದಾರದ ಎಳಿ ಸಿಕ್ಕೊಂಡಿತ್ತು."

ಹೀಗಾಯಿತು. ನಾನು ಬಾಯಿಪಾಠ ಮಾಡಿದ್ದೆಲ್ಲ ಹೋಯಿತು. ಉಂಗುರ ಕೊಟ್ಟೆ, ಅವಳೇ ಹಾಕಿಕೊಂಡಳು, ದೊಡ್ಡದಾಯಿತು. ಅಕ್ಕಸಾಲಿ ಅಕ್ಕಾ, ನೀವು ಹೇಳಿದ ಹಾಗೇ ಆಯಿತು, ಅದು ನಡುಬೆರಳಿನ ಉಂಗುರವಂತೆ. ಬಾಕಿ ಪ್ರಶ್ನೆ ಇದೆ ಅಂತ ಹೇಳಿ ಸುಮ್ಮನಿರಲಾರದವಳು ಅಕ್ಕನ ಪ್ರಶ್ನೆಗಳನ್ನೇ ಕೇಳಿದೆ. ಅಲ್ಲೇ ಎರಡು ಗಂಟೆ ಕೂತೆವು. ಒಂದು ಸಲ ಜಗಳವೂ ಆಯಿತು. ಅವಳು ಊರಿಗೆ ತಿಂಗಳಿಗೆ ಇಷ್ಟು ಅಂತ ಕಳಿಸುತ್ತಾಳೆ, ತಮ್ಮನ ಓದು ಮುಗಿಯುವವರೆಗೆ ಕಳಿಸಲೇಬೇಕು. ಆಮೇಲೆ ನೋಡೋಣ ಅಂತ ನಾನು ಬಾಯಿತಪ್ಪಿ ಅಂದೆ. "ನೋಡೋಣ ಅಂದ್ರ ಏನು?" ಅಂದಳು. ಆಮೇಲಿನ ಅರ್ಧ ಗಂಟೆ ಅದೇ. ಕೊನೆಗೆ ಆ "ನೋಡೋಣ" ವಾಪಸ್ ತಗೊಂಡೆ. ಮಾಂಸದ ವಿಷಯ ಇನ್ನೂ ಪೂರ್ತಿ ಮುಗಿದಿಲ್ಲ. ಅವಳೆದುರು ನಾನು ತಿನ್ನಬಹುದು, ಪಾತ್ರೆ ಬೇರೆ ಇರಬೇಕು, ಅಲ್ಲಿಗೆ ಬಂದು ನಿಂತಿದೆ. ಅಷ್ಟರಲ್ಲಿ ಕೋತಿ ಬಂದು ಬಾಳೆಹಣ್ಣಿನ ಕವರ್ ಎತ್ತಿಕೊಂಡು ಹೋಯಿತು.

ವಾಪಸ್ ಬರುವಾಗ ಅವಳು ಬೆಂಗಳೂರಿಗೆ ಬರಲಿಲ್ಲ. ಹೊಸಪೇಟೆಯಲ್ಲಿ ಎದುರು ದಿಕ್ಕಿನ ಗಾಡಿ ಹತ್ತಿ ಗದಗಕ್ಕೆ ಹೋದಳು. ಅವತ್ತೇ ರಾತ್ರಿ ಅವರಪ್ಪನಿಗೆ ಹೇಳಿದಳಂತೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಹುಡುಗನ ಹೊಲ ಎಷ್ಟು ಅಂತ ಕೇಳದೆ, ಕಾಲುವೆ ನೀರು ಬರುತ್ತಾ ಅಂತ ಕೇಳಿದರಂತೆ. ಬರುತ್ತೆ ಅಂತ ಹೇಳಿಸಿದ್ದೇನೆ. ವಿಶ್ವೇಶ್ವರಯ್ಯ ನಾಲೆ ನೀರು.

ನಮ್ಮ ಮನೆಯಲ್ಲಿ ಅಮ್ಮನಿಗೆ ಅಡುಗೆಮನೆಯಲ್ಲೇ ಹೇಳಿದೆ. ಅಮ್ಮ ಅತ್ತಳು, ಆಮೇಲೆ ಫೋಟೋ ಕೇಳಿದಳು. ಅಪ್ಪನಿಗೆ ಅಮ್ಮನಿಂದ ಗೊತ್ತಾಗಿದೆ. ಒಂಬತ್ತು ದಿನದಿಂದ ನನ್ನ ಹತ್ತಿರ ನೇರ ಮಾತಿಲ್ಲ. ಫೋನ್ ಮಾಡಿದರೆ "ನಿನ್ನ ಮಗನಿಗೆ ಹೇಳು" ಅಂತ ಹಿಂದಿನಿಂದ ಕೇಳಿಸುತ್ತದೆ. ಅದಕ್ಕೇ ಇಲ್ಲಿ ಬರೆಯುವುದು ತಡವಾಯಿತು. ಶನಿವಾರ ಮಾವ ಊರಿಗೆ ಬರುತ್ತಿದ್ದಾರೆ, ಅಪ್ಪನನ್ನು ಗದ್ದೆ ಕಡೆ ಕರೆದುಕೊಂಡು ಹೋಗುತ್ತಾರಂತೆ.

ಹಳೇ ರೇಡಿಯೋ:
ಹಿಂದಿನಿಂದ ಮಾತು ಕೇಳಿಸುತ್ತಿದೆ ಅಂದರೆ ಫೋನ್ ಹತ್ತಿರವೇ ಕೂತಿರುತ್ತಾರೆ ಅಂತ ಆಯಿತು. ನಮ್ಮಪ್ಪ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಅಕ್ಕಸಾಲಿ ಮಗಳು:
ಉಂಗುರ ಈಗ ಎಲ್ಲಿದೆ? ತಂದುಕೊಡಿ, ಸಾದಾ ಆದರೆ ಒಂದೇ ದಿನದ ಕೆಲಸ.

ಮಂಡ್ಯದವನು:
ಹಿಂದೆ ದಾರ ಸುತ್ತಿ ಹಾಕಿಕೊಂಡಿದ್ದಾಳೆ. ಬೆರಳು ಹಸಿರಾಗಿದೆಯಂತೆ, ಚಿನ್ನದ್ದಲ್ಲ, ದಾರದ ಬಣ್ಣ.

ಕಮಲಾಪುರದ ಕೋತಿ:
ಬಾಳೆಹಣ್ಣು ಮಾತ್ರ ಒಯ್ದಿತಾ? ಸದ್ಯ, ನಮ್ಮೂರ ಮರ್ಯಾದೆ ಉಳಿಯಿತು. ಶನಿವಾರದ್ದು ಬಂದು ಬರಿ.